ತಕ್ಕಡಿಗೆ ಕಾಣದ ಕೈಕೆಲಸ

ಶ್ರಾವಣ ಬಂತೆಂದರೆ ರಾಮನಗರ, ಚನ್ನಪಟ್ಟಣ, ಮಾಗಡಿ, ಕನಕಪುರದ ಒಡವೆ ಅಂಗಡಿಗಳಲ್ಲಿ ಕೂರಲು ಜಾಗ ಸಿಗುವುದಿಲ್ಲ. ಬರುವವರಲ್ಲಿ ಬಹಳಷ್ಟು ಜನ ದುಡ್ಡಿನ ಜೊತೆಗೆ ಒಂದು ಗಂಟನ್ನೂ ತಂದಿರುತ್ತಾರೆ. ಅದರಲ್ಲಿ ಅಜ್ಜಿಯ ಕಾಲದ ಗುಂಡಿನ ಸರ ಇರಬಹುದು, ಒಂದು ಕಡೆಯ ಕೊಂಡಿ ಮುರಿದ ಜಡೆಬಿಲ್ಲೆ ಇರಬಹುದು, ಜೋಡಿ ಕಳೆದುಕೊಂಡ ಬುಗುಡಿ ಇರಬಹುದು. ಹಳೆಯದನ್ನು ಹಾಕಿ ಹೊಸದನ್ನು ತೆಗೆದುಕೊಳ್ಳುವುದು ನಮ್ಮ ಕಡೆಯ ವಾಡಿಕೆ. ಇತ್ತೀಚಿನ ವರ್ಷಗಳಲ್ಲಿ ಆ ಹೊಸದರ ಹೆಸರು ಬದಲಾಗಿದೆ. ಗಾಜಿನ ಪೆಟ್ಟಿಗೆಯಲ್ಲಿ ಎಲ್ಲಕ್ಕಿಂತ ಮುಂದೆ ಇಟ್ಟಿರುವ ಹಾರಕ್ಕೆ, ಜುಮುಕಿಗೆ, ಸೊಂಟದ ಡಾಬಿಗೆ ‘ಆ್ಯಂಟಿಕ್’ ಎಂಬ ಚೀಟಿ ಅಂಟಿಸಿರುತ್ತಾರೆ. ಕಳೆದ ತಿಂಗಳು ಎರಕ ಹೊಯ್ದ ಚಿನ್ನವನ್ನು ಮಸುಕು ಮಾಡಿ, ಸಂದುಗೊಂದುಗಳಲ್ಲಿ ಕಪ್ಪು ಉಳಿಸಿ, ಹಳೆಯ ಒಡವೆಯ ಬಣ್ಣ ಬರಿಸಿರುವ ಮಾಲು ಅದು. ಒಂದೇ ಮೇಜಿನ ಮೇಲೆ, ಒಂದೇ ಬಿಲ್ಲಿನಲ್ಲಿ, ನಿಜವಾಗಿ ನೂರು ವರ್ಷ ಹಳೆಯದಾದ ಒಡವೆ ಕರಗಲು ಹೋಗುತ್ತದೆ, ನೂರು ವರ್ಷದಂತೆ ಕಾಣುವ ಒಡವೆ ಮನೆಗೆ ಬರುತ್ತದೆ.

ಇದರಲ್ಲಿ ಯಾರ ಮೋಸವೂ ಇಲ್ಲ. ಅಂಗಡಿಯವರು ಚಿನ್ನದ ದರಕ್ಕೆ ಸರಿಯಾಗಿ ಲೆಕ್ಕ ಹಾಕುತ್ತಾರೆ, ಕೊಳ್ಳುವವರು ಒಪ್ಪಿಕೊಳ್ಳುತ್ತಾರೆ. ತಪ್ಪಿರುವುದು ಅಳತೆಯಲ್ಲಿ. ಕೊಳ್ಳುವಾಗ ಕೂಲಿ, ವೇಸ್ಟೇಜ್ ಎಂದು ಕೈಕೆಲಸಕ್ಕೆ ಬೆಲೆ ಕಟ್ಟುವ ನಾವು, ಕೊಡುವಾಗ ಆ ಕೆಲಸಕ್ಕೆ ಸೊನ್ನೆ ಬೆಲೆ ಎಂಬುದನ್ನು ಎದುರು ಮಾತಿಲ್ಲದೆ ಒಪ್ಪಿದ್ದೇವೆ. ಒಡವೆಯ ಬೆಲೆ ಎಲ್ಲಿರುತ್ತದೆ, ಅದನ್ನು ಯಾರು ನೋಡಬೇಕು, ಹೇಗೆ ನೋಡಬೇಕು ಎಂಬ ಪ್ರಶ್ನೆಯನ್ನು ಈ ನಾಲ್ಕು ತಾಲ್ಲೂಕುಗಳ ಮಟ್ಟಿಗಾದರೂ ಗಂಭೀರವಾಗಿ ಕೇಳಬೇಕಾಗಿದೆ.

ಈ ಪ್ರಶ್ನೆಗೆ ನಮಗಿಂತ ಚೆನ್ನಾಗಿ ಉತ್ತರ ಕಂಡುಕೊಂಡವರು ಯುರೋಪಿನ ಕ್ಯಾಮಿಯೊ ಸಂಗ್ರಾಹಕರು. ಕ್ಯಾಮಿಯೊ ಎಂದರೆ ಎರಡು ಮೂರು ಬಣ್ಣದ ಪದರಗಳಿರುವ ಕಲ್ಲಿನಲ್ಲೋ ಚಿಪ್ಪಿನಲ್ಲೋ ಮೇಲಿನ ಪದರವನ್ನು ಕೆತ್ತಿ, ಬಿಳಿಯ ಮುಖವೊಂದು ಕಂದು ಹಿನ್ನೆಲೆಯ ಮೇಲೆ ಉಬ್ಬಿ ನಿಲ್ಲುವಂತೆ ಮಾಡುವ ಸಣ್ಣ ಕೆತ್ತನೆ. ಕ್ರಿಸ್ತಪೂರ್ವದ ಅಲೆಕ್ಸಾಂಡ್ರಿಯಾದಿಂದ ರೋಮಿಗೆ ಬಂದ ಈ ಕಲೆ 19ನೇ ಶತಮಾನದಲ್ಲಿ ಇಟಲಿಯ ನೇಪಲ್ಸ್ ಬಳಿಯ ತೋರ್ರೆ ದೆಲ್ ಗ್ರೆಕೊ ಎಂಬ ಕಡಲೂರಿನಲ್ಲಿ ಬೇರು ಬಿಟ್ಟಿತು. ಇಂದಿಗೂ ಆ ಊರಿನ ಕುಶಲಕರ್ಮಿಗಳು ಸಮುದ್ರದ ಚಿಪ್ಪನ್ನು ಕೋಲಿನ ತುದಿಗೆ ಅಂಟಿಸಿ ಹಿಡಿದುಕೊಂಡು ಉಳಿಯಿಂದ ಕೆತ್ತುತ್ತಾರೆ. ನಮ್ಮ ದೇಶಕ್ಕೂ ಇದು ಪೂರಾ ಹೊಸತಲ್ಲ. ಷಹಜಹಾನನ ಮುಖವನ್ನು ಕೆತ್ತಿದ 17ನೇ ಶತಮಾನದ ಕ್ಯಾಮಿಯೊ ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಮ್ಮಿನಲ್ಲಿದೆ.

ಚಿಪ್ಪಿಗೆ ಮಾರುಕಟ್ಟೆಯಲ್ಲಿ ಬೆಲೆಯೇ ಇಲ್ಲ ಎನ್ನಬಹುದು. ಹಾಗಾಗಿ ಕ್ಯಾಮಿಯೊ ಕೊಳ್ಳುವವನು ತಕ್ಕಡಿ ಹುಡುಕುವುದಿಲ್ಲ, ಭೂತಗನ್ನಡಿ ಹುಡುಕುತ್ತಾನೆ. ಕೂದಲ ಎಳೆಗಳಲ್ಲಿ ಉಳಿಯ ಗೆರೆ ಸ್ಪಷ್ಟವಾಗಿದೆಯೇ, ಮೂಗಿನ ತುದಿ ಚೂಪಾಗಿದೆಯೇ, ಅಥವಾ ಅಚ್ಚಿಗೆ ಹೊಯ್ದ ಪ್ಲಾಸ್ಟಿಕ್ಕಿನಂತೆ ಎಲ್ಲ ಅಂಚೂ ಮೊಂಡಾಗಿದೆಯೇ ಎಂದು ನೋಡುತ್ತಾನೆ. ಆಮೇಲೆ ತಿರುಗಿಸಿ ಹಿಂಬದಿ ನೋಡುತ್ತಾನೆ. ನಿಜವಾದ ಚಿಪ್ಪಾದರೆ ಬೆನ್ನು ಸ್ವಲ್ಪ ತಗ್ಗಾಗಿರುತ್ತದೆ. ಬೆಳಕಿಗೆ ಹಿಡಿದರೆ ಮುಂಬದಿಯ ಮುಖ ಹಿಂದಿನಿಂದಲೂ ತೋರುತ್ತದೆ. ಬಟ್ಟೆಗೆ ಚುಚ್ಚಿಕೊಳ್ಳಲು ಹಿಂದೆ ಇರುವ ಪಿನ್ನು ಚೌಕಟ್ಟಿಗಿಂತ ಉದ್ದವಾಗಿ ಹೊರಚಾಚಿದ್ದು, ಅದನ್ನು ಹಿಡಿಯುವ ಕೊಕ್ಕೆ ಬೀಗವಿಲ್ಲದ ಬರಿಯ ಬಾಗಿದ ತಂತಿಯಾದರೆ ಅದು ಹಳೆಯದಿರುವ ಸಾಧ್ಯತೆ ಹೆಚ್ಚು. ಮುಂಬದಿ ಕಣ್ಣಿಗೆ ಹಬ್ಬ, ಒಡವೆಯ ವಯಸ್ಸು ಬರೆದಿರುವುದು ಹಿಂಬದಿಯಲ್ಲಿ. ಈ ಒಂದು ಅಭ್ಯಾಸವನ್ನು ನಾವು ಕಲಿತರೂ ಸಾಕಿತ್ತು.

ಕ್ಯಾಮಿಯೊಗೂ ಮಾಗಡಿಯ ಹಳ್ಳಿಯ ಪೆಟ್ಟಿಗೆಗೂ ಏನು ಸಂಬಂಧ ಎಂದು ಕೇಳುವವರಿಗೆ ಒಂದು ಕೊಂಡಿ ತೋರಿಸುತ್ತೇನೆ. ರೋಮಿನಲ್ಲಿ 1783ರಲ್ಲಿ ಹುಟ್ಟಿದ ಬೆನೆಡೆಟ್ಟೊ ಪಿಸ್ಟ್ರುಚ್ಚಿ ಕ್ಯಾಮಿಯೊ ಕೆತ್ತುವುದರಲ್ಲಿ ತನ್ನ ಕಾಲದ ದೊಡ್ಡ ಹೆಸರು. 1815ರಲ್ಲಿ ಲಂಡನ್ನಿಗೆ ಬಂದ ಅವನಿಗೆ ಅಲ್ಲಿನ ಟಂಕಸಾಲೆ ಹೊಸ ನಾಣ್ಯದ ಚಿತ್ರಗಳ ಕೆಲಸ ಕೊಟ್ಟಿತು. ದೊರೆಯ ತಲೆಯನ್ನು ಅವನು ಕಲ್ಲಿನಲ್ಲಿ ಕ್ಯಾಮಿಯೊ ಕೆತ್ತಿಯೇ ಮಾದರಿ ಮಾಡಿಕೊಟ್ಟ. 1817ರಲ್ಲಿ ಹೊರಬಂದ ಚಿನ್ನದ ಸವರನ್ನಿನ ಒಂದು ಮುಖದಲ್ಲಿ ಕುದುರೆಯೇರಿ ಘಟಸರ್ಪವನ್ನು ಕೊಲ್ಲುವ ಸೇಂಟ್ ಜಾರ್ಜ್ ಇದ್ದಾನಲ್ಲ, ಅದು ಈ ಪಿಸ್ಟ್ರುಚ್ಚಿಯ ಕೈಯ ಕೆಲಸ. ಸುಮಾರು ಒಂದು ರೂಪಾಯಿ ನಾಣ್ಯದಷ್ಟು ಜಾಗದಲ್ಲಿ ಕುದುರೆಯ ಎದೆ, ಹಾರುವ ಮೇಲುವಸ್ತ್ರ, ಕೆಳಗೆ ಮಗ್ಗಲು ಬಿದ್ದ ಸರ್ಪ, ಎಲ್ಲವೂ ಉಸಿರಾಡುತ್ತವೆ. ಆ ಸವರನ್ನುಗಳು ರಾಣಿ ವಿಕ್ಟೋರಿಯಾಳ ಕಾಲದಲ್ಲಿ, ಅವಳ ಮಗ ಮೊಮ್ಮಗನ ಕಾಲದಲ್ಲಿ ನಮ್ಮ ದೇಶಕ್ಕೆ ಧಾರಾಳವಾಗಿ ಬಂದವು. 1918ರಲ್ಲಿ ಬೊಂಬಾಯಿಯಲ್ಲೇ ಸುಮಾರು 13 ಲಕ್ಷ ಸವರನ್ ಅಚ್ಚಾದವು. ಅವುಗಳ ಮೇಲೂ ಅದೇ ಕುದುರೆ, ಅದೇ ಸರ್ಪ.

ಅಂಥ ಸವರನ್ನುಗಳಿಗೆ ನಮ್ಮ ಅಕ್ಕಸಾಲಿಗರು ಕೊಂಡಿ ಬೆಸೆದು ಕಾಸಿನ ಸರ ಮಾಡಿದರು. ಮುಖವಿರುವ ನಾಣ್ಯವನ್ನು ಕೊರಳಿಗೆ ಹಾಕುವ ರೂಢಿ ಅದಕ್ಕೂ ಹಿಂದಿನದು. ವಿಜಯನಗರದ ವರಹಗಳ ಮೇಲೆ ಉಮಾಮಹೇಶ್ವರ, ಬಾಲಕೃಷ್ಣ, ಗಂಡಭೇರುಂಡ ಇದ್ದವು. ಒಂದು ಗುಲಗಂಜಿಗಿಂತ ತುಸು ಅಗಲದ ಜಾಗದಲ್ಲಿ ಶಿವ ಪಾರ್ವತಿಯರನ್ನು ಕೂರಿಸಿದ ಅಚ್ಚು ಕೆತ್ತುವವರು ನಮ್ಮಲ್ಲೂ ಇದ್ದರು. ಮಾಗಡಿಯನ್ನು ಆಳಿದ ಮನೆತನದ ಕೆಂಪೇಗೌಡರು ಅಪ್ಪಣೆಯಿಲ್ಲದೆ ಸ್ವಂತ ನಾಣ್ಯ ಹೊಡೆಸಿದ್ದಕ್ಕೆ ವಿಜಯನಗರದ ಅರಸರು ಅವರನ್ನು ಆನೆಗೊಂದಿಯಲ್ಲಿ ಸೆರೆಯಿಟ್ಟರು ಎಂಬ ಕಥೆಯನ್ನು ಈ ಭಾಗದ ಶಾಲಾಮಕ್ಕಳೂ ಹೇಳುತ್ತಾರೆ. ಅಂಗೈಯಲ್ಲಿ ಅಡಗುವ ಒಂದು ಉಬ್ಬುಚಿತ್ರಕ್ಕೆ ರಾಜ್ಯಗಳು ಕೊಟ್ಟ ಮಹತ್ವ ಅಷ್ಟು.

ಈಗ ಒಂದು ಜಗಳದ ವಿಷಯ. ಕೊಂಡಿ ಬೆಸೆದ ಸವರನ್ನನ್ನು ನಾಣ್ಯ ಸಂಗ್ರಾಹಕರ ಬಳಿ ಒಯ್ದರೆ ಅವರು ಕೈಗೂ ಮುಟ್ಟುವುದಿಲ್ಲ. ಬೆಸುಗೆಯ ಬಿಸಿಗೆ ಅಂಚು ಹಾಳಾಗಿದೆ, ಇದು ನಾಣ್ಯವಾಗಿ ಸತ್ತಿದೆ ಎನ್ನುತ್ತಾರೆ. ಒಡವೆ ಅಂಗಡಿಗೆ ಒಯ್ದರೆ ತೂಕಕ್ಕೆ ಹಾಕುತ್ತಾರೆ. ಎರಡು ಕಡೆಯೂ ಅದು ಸೋಲುತ್ತದೆ. ನನ್ನ ವಾದ ಬೇರೆ. ಆ ಕೊಂಡಿಯೇ ಅದನ್ನು ನಮ್ಮದನ್ನಾಗಿ ಮಾಡಿದ್ದು. ಲಂಡನ್ನಿನ ಟಂಕಸಾಲೆಯಲ್ಲಿ ಲಕ್ಷಗಟ್ಟಲೆ ಅಚ್ಚಾದ ನಾಣ್ಯಗಳಲ್ಲಿ ಒಂದಾಗಿದ್ದದ್ದು, ಹಳೇ ಮೈಸೂರಿನ ಯಾವುದೋ ಬೀದಿಯ ಆಚಾರ್ರು ಅದಕ್ಕೆ ಎರಡು ಕಿವಿ ಬೆಸೆದ ಗಳಿಗೆಯಿಂದ ಜಗತ್ತಿನಲ್ಲಿ ಒಂದೇ ಒಂದಾಯಿತು. ಕೊಂಡಿ ಸವೆದಿರುವ ರೀತಿ ನೋಡಿದರೆ ಎಷ್ಟು ಕಾಲ ಮೈಮೇಲಿತ್ತೆಂದು ಗೊತ್ತಾಗುತ್ತದೆ. ರಾಣಿಯ ಕೆನ್ನೆ ಸವೆದು ಕುದುರೆ ಮಾತ್ರ ಉಳಿದಿದ್ದರೆ ಯಾವ ಮುಖ ಎದೆಗೆ ತಾಗುತ್ತಿತ್ತೆಂದು ಹೇಳಬಹುದು. ಕಾಸಿನ ಸರವನ್ನು ಸಂಗ್ರಹಿಸುವವರು ಸವೆತವನ್ನು ದೋಷವೆಂದು ಎಣಿಸಕೂಡದು, ಅದನ್ನು ತಿಕ್ಕಿ ಹೊಳಪು ಮಾಡಿಸಲಂತೂ ಕೂಡದು.

ಕಾಸಿನ ಸರದ ಪಾಡು ಎಷ್ಟೋ ವಾಸಿ. ಸವರನ್ ಗಟ್ಟಿ ಚಿನ್ನ, ಅದರ ತೂಕ ಎಲ್ಲರಿಗೂ ಗೊತ್ತು, ಹಾಗಾಗಿ ಕಷ್ಟಕಾಲದಲ್ಲಿ ಒಂದೊಂದೇ ಕಾಸು ಬಿಚ್ಚಿ ಮಾರಿದರೂ ಉಳಿದದ್ದು ಉಳಿಯುತ್ತದೆ. ನಿಜವಾಗಿ ಅಳಿಯುತ್ತಿರುವುದು ಟೊಳ್ಳು ಒಡವೆ. ಗುಂಡಿನ ಸರದ ಗುಂಡು, ಅಡ್ಡಿಕೆಯ ಮಣಿ, ಜಡೆಬಿಲ್ಲೆ, ನಾಗರ, ಇವನ್ನೆಲ್ಲ ತೆಳು ತಗಡಿನಲ್ಲಿ ಮಾಡಿ ಒಳಗೆ ಅರಗು ತುಂಬುತ್ತಿದ್ದರು. ಕಡಿಮೆ ಚಿನ್ನದಲ್ಲಿ ದೊಡ್ಡ ಒಡವೆ ಬೇಕೆಂಬ ಬಡ ಮನೆಯ ಆಸೆಗೆ ಅಕ್ಕಸಾಲಿಗರು ಕಂಡುಕೊಂಡ ಉಪಾಯ ಅದು. ಆ ಉಪಾಯದಲ್ಲಿ ಎಂಥ ವಿದ್ಯೆ ಇದೆ ನೋಡಿ. ಬಿಸಿ ಮಾಡಿದ ಅರಗಿನ ಹಾಸಿನ ಮೇಲೆ ತಗಡನ್ನು ಕೂರಿಸಿ, ಹಿಂದಿನಿಂದ ಸಣ್ಣ ಸಣ್ಣ ಮೊಳೆಗಳಲ್ಲಿ ಬಡಿದು ಉಬ್ಬಿಸುತ್ತಾರೆ. ಅರಗು ತಗ್ಗಿ ಜಾಗ ಕೊಡುತ್ತದೆ, ಆದರೆ ತಗಡು ಹರಿಯಲು ಬಿಡುವುದಿಲ್ಲ. ಆಮೇಲೆ ತಿರುಗಿಸಿ, ಮುಂದಿನಿಂದ ಹೂವಿನ ಎಸಳು, ನಾಗರಹೆಡೆಯ ಗೆರೆ, ಲಕ್ಷ್ಮಿಯ ಕೈಯ ಬೆರಳು ತಿದ್ದುತ್ತಾರೆ. ಚಿಪ್ಪಿನ ಕೆಲಸದವನು ಮೇಲಿನಿಂದ ತೆಗೆದು ತೆಗೆದು ಮುಖ ಹೊರತರುತ್ತಾನೆ, ನಮ್ಮ ಆಚಾರ್ರು ಬೆನ್ನಿನಿಂದ ದೂಡಿ ದೂಡಿ ಮುಖ ಹೊರತರುತ್ತಾರೆ. ದಾರಿ ಎದುರುಬದುರಾದರೂ ಗುರಿ ಒಂದೇ.

ಇಂಥದೊಂದು ಜಡೆಬಿಲ್ಲೆ ಕರಗುವುದನ್ನು ಕಣ್ಣಾರೆ ನೋಡಿದ್ದೇನೆ. ಅಂಗಡಿಯ ಹುಡುಗ ಅದನ್ನು ಒರೆಗಲ್ಲಿಗೆ ತಿಕ್ಕಿ, ತೂಗಿ, “ಅಮ್ಮಾ, ಇದರಲ್ಲಿ ಅರಗೇ ಜಾಸ್ತಿ. ಕರಗಿಸಿದ ಮೇಲೆ ಎಷ್ಟು ಬರುತ್ತೋ ಅಷ್ಟಕ್ಕೇ ಲೆಕ್ಕ” ಎಂದ. ತಂದಿದ್ದಾಕೆ, “ನಮ್ಮತ್ತೆಯೋರ ಅತ್ತೆದು ಕಣಪ್ಪ, ಸರಿಯಾಗಿ ನೋಡು” ಎಂದಷ್ಟೇ ಹೇಳಿದರು. ಹಿಂದಿನ ಕೋಣೆಯಲ್ಲಿ ಉರಿ ತಾಗಿಸಿದ ಕೂಡಲೇ ಬಿಲ್ಲೆಯ ಬೆಸುಗೆ ಬಿಟ್ಟು, ಕಂದು ಅರಗು ನೊರೆಯಾಗಿ ಹೊರಗೆ ಸುರಿಯಿತು. ಸುಟ್ಟ ಅಂಟಿನ ವಾಸನೆ. ಒಳಗಿನ ಆಧಾರ ಹೋದ ಮೇಲೆ ಈರುಳ್ಳಿ ಸಿಪ್ಪೆಯಷ್ಟು ತೆಳುವಾದ ತಗಡು ಮಾತ್ರ ಉಳಿಯಿತು. ಅದರ ಮೇಲೆ ಸುತ್ತ ಹಂಸಗಳು, ನಡುವೆ ಒಂದು ಅರಳಿದ ತಾವರೆ. ಹುಡುಗ ಇಕ್ಕಳದಿಂದ ಅದನ್ನು ಮಡಚಿ ಮೂಸೆಗೆ ಹಾಕಿದ. ಕೆಟ್ಟ ಮನಸ್ಸಿನಿಂದಲ್ಲ, ಮಡಚದಿದ್ದರೆ ಮೂಸೆಯೊಳಗೆ ಹಿಡಿಸುವುದಿಲ್ಲ. ಆ ಹಂಸಗಳನ್ನು ಬಡಿದವರಿಗೆ ದಿನಗಟ್ಟಲೆ ಹಿಡಿದಿರಬೇಕು. ಬಿಲ್ಲಿನಲ್ಲಿ ಅದಕ್ಕೆ ಒಂದು ಸಾಲೂ ಇರಲಿಲ್ಲ.

ಮತ್ತೆ ಮಾಡಿಸಿದರಾಯಿತು ಎನ್ನುವಂತೆಯೂ ಇಲ್ಲ. 1963ರ ಜನವರಿಯಲ್ಲಿ ಬಂದ ಚಿನ್ನ ನಿಯಂತ್ರಣ ನಿಯಮಗಳು ಹೊಸ ಒಡವೆಯನ್ನು 14 ಕ್ಯಾರಟ್ಟಿಗಿಂತ ಹೆಚ್ಚು ಶುದ್ಧವಾದ ಚಿನ್ನದಲ್ಲಿ ಮಾಡಕೂಡದೆಂದು ಕಟ್ಟುಹಾಕಿದವು. ಅಷ್ಟು ಕಲಬೆರಕೆಯ ಚಿನ್ನ ಬಡಿದರೆ ಬಿರಿಯುತ್ತದೆ, ಉಬ್ಬು ಕೆಲಸಕ್ಕೆ ಒಗ್ಗುವುದಿಲ್ಲ, ಗಿರಾಕಿಗೂ ಬೇಡ. ದೇಶದ ತುಂಬ ಅಕ್ಕಸಾಲಿಗರ ಕುಲುಮೆ ಆರಿತು, ಕೆಲವರು ಜೀವವನ್ನೇ ಕಳೆದುಕೊಂಡರು. ನಿಯಮ ಸಡಿಲವಾದರೂ 1968ರ ಕಾಯ್ದೆಯ ರೂಪದಲ್ಲಿ ನಿಯಂತ್ರಣ ಮುಂದುವರಿದು 1990ರಲ್ಲಿ ತೆರವಾಯಿತು. ಅಷ್ಟರಲ್ಲಿ ಒಂದು ತಲೆಮಾರಿನ ಮಕ್ಕಳು ಬೇರೆ ಕೆಲಸ ಹಿಡಿದಾಗಿತ್ತು. ಆಮೇಲೆ ಬಂದದ್ದು ಎರಕದ ಯಂತ್ರ. ಈಗ ಮೂಸೆಗೆ ಹೋಗುವ ಪ್ರತಿಯೊಂದು ಉಬ್ಬು ಬಿಲ್ಲೆಯೂ ಹೀಗೆ ಮಾಡಬಹುದು ಎಂಬುದಕ್ಕೆ ಉಳಿದ ಸಾಕ್ಷಿಯನ್ನೇ ಒಯ್ಯುತ್ತಿದೆ.

ಹಳೆಯ ಒಡವೆ ಕರಗಿಸಬಾರದೆಂಬ ಮಾತಿಗೆ ಬರುವ ಎದುರುವಾದ ಹಗುರವಾದದ್ದಲ್ಲ. ರೇಷ್ಮೆ ಬೆಳೆಯುವ ಮನೆಯಲ್ಲಿ ಹುಳುವಿಗೆ ರೋಗ ಬಂದು ಒಂದು ಬೆಳೆ ಕೈಕೊಟ್ಟರೆ, ಮಗಳ ಕಾಲೇಜಿನ ಶುಲ್ಕ ಕಟ್ಟಬೇಕಾದರೆ, ಆಸ್ಪತ್ರೆಯ ಬಿಲ್ಲು ಬಂದರೆ, ಮೊದಲು ಕೈ ಹೋಗುವುದು ಒಡವೆಗೆ. ಭೂಮಿ ಗಂಡಸರ ಹೆಸರಿನಲ್ಲಿರುವ ಮನೆಗಳಲ್ಲಿ ಹೆಂಗಸಿಗೆ ತನ್ನದು ಎಂದಿರುವುದು ಅದೊಂದೇ. ಅವಳಿಗೆ ಹೋಗಿ, ಇದು ಕಲೆ, ಮಾರಬೇಡ ಎಂದು ಹೇಳುವ ಹಕ್ಕು ಯಾರಿಗೂ ಇಲ್ಲ, ನನಗೂ ಇಲ್ಲ. ಆದರೆ ಈ ವಾದವನ್ನು ಕೊನೆಯವರೆಗೂ ಹಿಡಿದುಕೊಂಡು ಹೋದರೆ ಅದು ನನ್ನ ಕಡೆಗೇ ಬರುತ್ತದೆ. ಒಡವೆ ಆಕೆಯ ಆಸ್ತಿಯಾದರೆ, ಅದರ ಪೂರ್ತಿ ಬೆಲೆ ಆಕೆಗೆ ಸಿಗಬೇಕು. ಅರಗು ಕಳೆದು, ಬೆಸುಗೆ ಕಳೆದು, ಹಾಲ್‌ಮಾರ್ಕ್ ಇಲ್ಲವೆಂದು ಕಳೆದು, ಉಳಿದ ಚಿನ್ನಕ್ಕೆ ಮಾತ್ರ ದುಡ್ಡು ಎಣಿಸಿದಾಗ ನಷ್ಟವಾಗಿದ್ದು ಕಲೆಗಿಂತ ಮೊದಲು ಆಕೆಗೆ. ಗ್ರಾಂ ಚಿನ್ನ ಹತ್ತು ಸಾವಿರ ರೂಪಾಯಿ ದಾಟಿದ ಮೇಲಂತೂ ಕೈಕೆಲಸದ ಬೆಲೆ ಲೋಹದ ಬೆಲೆಯ ಮುಂದೆ ಇನ್ನಷ್ಟು ಕುಗ್ಗಿ ಕಾಣುತ್ತದೆ, ಒಡೆಯುವ ಆಸೆ ಇನ್ನಷ್ಟು ಹಿಗ್ಗುತ್ತದೆ. ಹಳೆಯ ಕೆಲಸವನ್ನು ಗುರುತಿಸಿ, ಚಿನ್ನದ ದರದ ಮೇಲೆ ಒಂದಿಷ್ಟು ಹೆಚ್ಚು ಕೊಟ್ಟು ಇಡಿಯಾಗಿ ಕೊಳ್ಳುವ ಸಂಗ್ರಾಹಕರಿದ್ದರೆ ಅದೇ ಗಂಟಿಗೆ ಅವಳ ಕೈಗೆ ಹೆಚ್ಚು ದುಡ್ಡು ಬರುತ್ತದೆ. ಸಂಗ್ರಹವನ್ನು ಉಳ್ಳವರ ಶೋಕಿ ಎಂದು ತಳ್ಳಿಹಾಕುವವರು ಇದನ್ನು ಯೋಚಿಸಬೇಕು.

ಚಿನ್ನದ ಒಡವೆ ಅಳಿಯುತ್ತಿರುವುದು ಅದು ತುಂಬ ದುಬಾರಿಯಾದ್ದರಿಂದ. ಈ ತಾಲ್ಲೂಕುಗಳ ಜಿಲ್ಲೆಯಲ್ಲೇ ಇನ್ನೊಂದು ಒಡವೆ ಇದೆ, ಅದು ಅಳಿಯುತ್ತಿರುವುದು ತುಂಬ ಅಗ್ಗವಾದ್ದರಿಂದ. ಚನ್ನಪಟ್ಟಣವನ್ನು ಗೊಂಬೆಗಳ ಊರು ಎಂದು ಕರೆದು ಕರೆದು, ಅದು ಒಡವೆಯ ಊರೂ ಹೌದೆಂಬುದನ್ನು ಮರೆತಿದ್ದೇವೆ. 1800ರಲ್ಲಿ ಮೈಸೂರು ಸೀಮೆಯನ್ನು ಸುತ್ತಿದ ಫ್ರಾನ್ಸಿಸ್ ಬುಕನನ್ ಈ ಊರಿನ ಬಗ್ಗೆ ಬರೆಯುವಾಗ ವಾದ್ಯಗಳಿಗೆ ಕಟ್ಟುವ ಉಕ್ಕಿನ ತಂತಿಯ ಕಸುಬನ್ನು ದಾಖಲಿಸಿದ. ಬ್ರಿಟಿಷರ ಕಾಲದ ಗೆಜೆಟಿಯರುಗಳಲ್ಲಿ ಅರಗಿನ ಸಾಮಾನು, ಆಟಿಕೆ, ತಂತಿ ಇವುಗಳ ಜೊತೆಗೆ ಗಾಜಿನ ಬಳೆಯೂ ಊರಿನ ಹೆಸರಿಗೆ ಅಂಟಿಕೊಂಡಿದೆ. ಗಾಜಿನ ಬಳೆಯ ಕಸುಬು ಹೋಯಿತು. ಮರ ಮತ್ತು ಅರಗಿನ ಬಳೆ, ಮಣಿಸರ, ಓಲೆ ಉಳಿದಿವೆ. ಟಿಪ್ಪು ಸುಲ್ತಾನ್ ಪರ್ಷಿಯಾದ ಕುಶಲಕರ್ಮಿಗಳನ್ನು ಕರೆಸಿದನೆಂದೂ, ಬಾವಾಸ್ ಮಿಯಾನ್ ಎಂಬವರು ಈ ವಿದ್ಯೆಯನ್ನು ಊರಿನವರಿಗೆ ಹೇಳಿಕೊಟ್ಟು ಬೆಳೆಸಿದರೆಂದೂ ಹೇಳಿಕೊಂಡು ಬಂದಿದ್ದಾರೆ.

ಚನ್ನಪಟ್ಟಣದ ಕಲಾನಗರದ ಕಡೆ ಯಾವ ಲೇತಿನ ಮುಂದೆ ನಿಂತರೂ ನೋಡಲು ಸಿಗುವ ಕೆಲಸವನ್ನು ನಿಧಾನವಾಗಿ ನೋಡಬೇಕು. ಹಾಲೆ ಮರದ ತುಂಡು. ಬಿಳಿ, ನುಣುಪು ಎಳೆಯ ಮರ, ತಿಂಗಳುಗಟ್ಟಲೆ ಒಣಗಿಸಿದ್ದು. ತಿರುಗುವ ತುಂಡಿಗೆ ಉಳಿ ಹಿಡಿದರೆ ಸಿಬುರು ಸುರುಳಿಯಾಗಿ ಹಾರಿ, ಚಣದಲ್ಲಿ ಮಣಿಯ ಆಕಾರ ಬರುತ್ತದೆ. ಆಮೇಲೆ ಬಣ್ಣದ ಅರಗಿನ ಕಡ್ಡಿಯನ್ನು ಒತ್ತುತ್ತಾರೆ. ಕುಂಚವಿಲ್ಲ, ಎಣ್ಣೆಯಿಲ್ಲ. ತಿರುಗುವ ಮರಕ್ಕೆ ಉಜ್ಜಿದ ಬಿಸಿಗೇ ಅರಗು ಕರಗಿ ಮೈಗೆ ಹಿಡಿಯುತ್ತದೆ. ಒತ್ತು ಕಡಿಮೆಯಾದರೆ ಬಣ್ಣ ಮಚ್ಚೆಮಚ್ಚೆ, ಹೆಚ್ಚಾದರೆ ಸೀದು ಮಸುಕು. ಎರಡು ಬಣ್ಣ ಕೂಡುವ ಅಂಚಿನಲ್ಲಿ ಕೈ ಒಂದಿಷ್ಟು ಅಲುಗಿದರೂ ಪಟ್ಟಿ ಕೆಡುತ್ತದೆ. ಕೊನೆಗೆ ತಾಳೆಗರಿಯನ್ನು ಮಡಚಿ ಒತ್ತಿದಾಗ ಮೈಮೇಲೆ ಹೊಳಪು ಓಡುತ್ತದೆ. ಜಡೆಬಿಲ್ಲೆಯ ಹೊಟ್ಟೆಯಲ್ಲಿ ಕಾಣದಂತೆ ಕೂತಿದ್ದ ಅರಗು ಇಲ್ಲಿ ಮೇಲೆ ಬಂದು ತಾನೇ ಒಡವೆಯಾಗಿದೆ.

ಈ ಮಣಿಸರವನ್ನು ಯಾರೂ ಕರಗಿಸುವುದಿಲ್ಲ, ಕರಗಿಸಿದರೆ ಸಿಗುವುದೇನೂ ಇಲ್ಲ. ದಾರ ಹರಿದರೆ ಎಸೆಯುತ್ತಾರೆ, ಅಷ್ಟೇ. ಮಗುವಿನ ಕೈಗೆ ಕೊಡುತ್ತಾರೆ, ಮನೆ ಬದಲಿಸುವಾಗ ಬಿಟ್ಟು ಹೋಗುತ್ತಾರೆ. ಬೆಲೆಯಿಲ್ಲದ ಚಿಪ್ಪಿನಲ್ಲಿ ಮಾಡಿದ ಕ್ಯಾಮಿಯೊ ಅಜ್ಜಿಯಿಂದ ಮೊಮ್ಮಗಳಿಗೆ ಬಂದು ಹರಾಜಿನಲ್ಲಿ ಬೆಲೆ ಪಡೆಯುವುದಾದರೆ, ಹಾಲೆ ಮರದ್ದು ಏಕೆ ಪಡೆಯಲಿಲ್ಲ? ಇಲ್ಲಿನ ಕೈಕೆಲಸ ಕಡಿಮೆಯದೆಂದು ನಾನು ಒಪ್ಪುವುದಿಲ್ಲ. ಅಲ್ಲಿ ನೋಡುವವರು ಇದ್ದರು, ನೋಡಿದ್ದನ್ನು ಬರೆದಿಟ್ಟರು, ಒಂದಕ್ಕೊಂದು ಹೋಲಿಸಿದರು. ಇಲ್ಲಿ 40 ವರ್ಷ ಹಿಂದಿನ ಒಂದು ಬಳೆಯನ್ನೂ ಇಂದಿನ ಒಂದು ಬಳೆಯನ್ನೂ ಅಕ್ಕಪಕ್ಕ ಇಟ್ಟು ವ್ಯತ್ಯಾಸ ಹೇಳುವವರು ಕಸುಬುದಾರರನ್ನು ಬಿಟ್ಟರೆ ಸಿಗುವುದು ಕಷ್ಟ. ವ್ಯತ್ಯಾಸ ಮಾತ್ರ ಇದೆ. ಅರಗು ಮರದೊಂದಿಗೆ ಬೆಸೆದುಕೊಂಡಿರುತ್ತದೆ. ಹಳೆಯದಾದರೆ ನವಿರಾದ ಬಿರುಕು ಬಿಟ್ಟು ಹೊಳಪು ಮಾಗುತ್ತದೆ. ಡಬ್ಬದ ಬಣ್ಣ ಹಚ್ಚಿದ್ದಾದರೆ ಮೂಲೆಯಲ್ಲಿ ಸಿಪ್ಪೆಯೆದ್ದು ಕೆಳಗಿನ ಮರ ಕಾಣುತ್ತದೆ. ಅರಿಶಿನ, ನೀಲಿಯಂಥ ಗಿಡದ ಬಣ್ಣ ಬಿಸಿಲಿಗೆ ಮೆಲ್ಲಗೆ ತಗ್ಗುತ್ತದೆ. ಹಾಲೆ ಮರ ಸಾಲದೆ ರಬ್ಬರ್ ಮರ ಬಂದ ಕಾಲದ ಸಾಮಾನಿನಲ್ಲಿ ಎಳೆಯೇ ಬೇರೆ. ಮಣಿಯ ತೂತಿನ ಅಂಚು, ಬಳೆಯ ಒಳಮೈ, ಗೊಂಬೆಯ ತಳದಲ್ಲಿ ಲೇತಿನಿಂದ ಕತ್ತರಿಸಿದ ಗುರುತು, ಇವೆಲ್ಲ ಓದಲು ಬರುವಂಥವು. ಇಲ್ಲೂ ನೋಡಬೇಕಾದದ್ದು ಹಿಂಬದಿಯನ್ನೇ.

ಓದಿದರೂ ಸಿಗದ ಒಂದು ಸಂಗತಿ ಇದೆ: ಮಾಡಿದವರ ಹೆಸರು. ಪಿಸ್ಟ್ರುಚ್ಚಿಯ ಬಾಳಿನ ಒಂದು ಪ್ರಸಂಗ ಇಲ್ಲಿ ಹೇಳಲೇಬೇಕು. ಅವನು ಕೆತ್ತಿದ ಫ್ಲೋರಾ ದೇವತೆಯ ತಲೆಯೊಂದನ್ನು ದಲ್ಲಾಳಿಯೊಬ್ಬ ಪ್ರಾಚೀನ ಕಾಲದ್ದೆಂದು ಹೇಳಿ ಲಂಡನ್ನಿನ ಪ್ರಸಿದ್ಧ ವಿದ್ವಾಂಸ ರಿಚರ್ಡ್ ಪೇಯ್ನ್ ನೈಟ್‌ಗೆ ಮಾರಿದ್ದ. ಪಿಸ್ಟ್ರುಚ್ಚಿ ಲಂಡನ್ನಿಗೆ ಬಂದು ಅದನ್ನು ಕಂಡು, ಇದು ನಾನು ಕೆತ್ತಿದ್ದು ಎಂದ. ತಾನು ಎಲ್ಲ ಕೆಲಸದಲ್ಲೂ ಗುಟ್ಟಾಗಿ ಬಿಡುವ ಗುರುತು ಅದರಲ್ಲಿ ಇದೆಯೆಂದೂ ಹೇಳಿದ. ವಿದ್ವಾಂಸ ಕೊನೆಯವರೆಗೂ ಒಪ್ಪಲಿಲ್ಲ. ಆ ಕ್ಯಾಮಿಯೊ ಈಗ ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿದೆ, ಪಿಸ್ಟ್ರುಚ್ಚಿಯ ಹೆಸರಿನಲ್ಲೇ. ಸವರನ್ನಿನ ವಿಷಯದಲ್ಲಿ ಅವನಿಗೆ ಆ ಜಗಳ ಬೇಕಾಗಲಿಲ್ಲ. ಕುದುರೆಯ ಕೆಳಗೆ ಇಸವಿಯ ಪಕ್ಕದಲ್ಲಿ ಬಿ.ಪಿ. ಎಂಬ ಎರಡು ಪುಟ್ಟ ಅಕ್ಷರ ಬಹುಪಾಲು ನಾಣ್ಯಗಳಲ್ಲಿವೆ. ನಿಮ್ಮ ಮನೆಯ ಕಾಸಿನ ಸರದಲ್ಲೂ ಇರಬಹುದು, ಭೂತಗನ್ನಡಿ ಹಿಡಿದು ನೋಡಿ. ರೋಮಿನ ಕೆತ್ತನೆಗಾರನ ಹೆಸರು ಕನಕಪುರದ ಕೊರಳಲ್ಲಿದೆ. ಅದಕ್ಕೆ ಕೊಂಡಿ ಬೆಸೆದ ನಮ್ಮ ಊರಿನವರ ಹೆಸರು ಎಲ್ಲೂ ಇಲ್ಲ.

2005–06ರಲ್ಲಿ ಚನ್ನಪಟ್ಟಣದ ಆಟಿಕೆ ಮತ್ತು ಗೊಂಬೆಗಳಿಗೆ ಭೌಗೋಳಿಕ ಸೂಚ್ಯಂಕದ ಮಾನ್ಯತೆ ಸಿಕ್ಕಿತು. ಅದು ಊರಿನ ಹೆಸರನ್ನು ಕಾಪಾಡುತ್ತದೆ, ಸಂತೋಷ. ಆದರೆ ಊರಿನ ಹೆಸರು ಎಲ್ಲರ ಕೆಲಸವನ್ನೂ ಒಂದೇ ಮಾಡಿಬಿಡುತ್ತದೆ. 20 ವರ್ಷ ಲೇತಿನ ಮುಂದೆ ಕೂತವರ ಬಳೆಗೂ ಮೊನ್ನೆ ಕಲಿತವರ ಬಳೆಗೂ ಒಂದೇ ಗುರುತು, ಹೆಚ್ಚುಕಡಿಮೆ ಒಂದೇ ದರ. ಸಂಗ್ರಾಹಕರು ಬೆಳೆಯುವುದು ಹೆಸರಿನ ಸುತ್ತ, ಇಸವಿಯ ಸುತ್ತ. ಬಳೆಯ ಒಳಮೈಯಲ್ಲಿ ಮಾಡಿದವರ ಇನಿಷಿಯಲ್, ಇಸವಿಯ ಎರಡು ಅಂಕಿ ಸುಟ್ಟು ಬರೆಯುವುದಕ್ಕೆ ಬೇಕಾಗುವುದು ಒಂದು ಕಾದ ಮೊನೆ, ಅರ್ಧ ನಿಮಿಷ. 2023ರಲ್ಲಿ ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್ ಹೆದ್ದಾರಿ ಊರನ್ನು ಪಕ್ಕಕ್ಕೆ ಬಿಟ್ಟು ಹೋದ ಮೇಲೆ ಹಳೆಯ ರಸ್ತೆಯ ಗೊಂಬೆ ಅಂಗಡಿಗಳ ಮುಂದೆ ಕಾರು ನಿಲ್ಲುವುದು ಕಡಿಮೆಯಾಗಿದೆ. ದಾರಿಹೋಕರನ್ನು ನಂಬಿ ಬದುಕುವುದು ಇನ್ನು ಕಷ್ಟ. ಇಂಥವರ ಕೈಯದೇ ಬೇಕು ಎಂದು ಹುಡುಕಿಕೊಂಡು ಬರುವವರು ಬೇಕು.

ಸಂಗ್ರಹದ ಪರವಾಗಿ ಇಷ್ಟು ಹೇಳುವಾಗ ಅದರ ಕೆಡುಕನ್ನೂ ಹೇಳಬೇಕು. ಹಳೆಯದಕ್ಕೆ ಬೆಲೆ ಬಂದಲ್ಲಿ ಕಳ್ಳತನವೂ ಬರುತ್ತದೆ. ಊರದೇವತೆಯ ಮೈಮೇಲಿನ ಒಡವೆ, ಗುಡಿಯ ಹುಂಡಿಯಲ್ಲಿ ಬಿದ್ದ ಹಳೆಯ ಕಾಸು, ಹೊಲ ಉಳುವಾಗ ಸಿಕ್ಕ ವರಹ, ಇವುಗಳಿಗೆ ಗಿರಾಕಿ ಹುಡುಕುವವರು ಇದ್ದೇ ಇರುತ್ತಾರೆ. 1972ರ ಪ್ರಾಚ್ಯವಸ್ತು ಕಾಯ್ದೆಯ ಪ್ರಕಾರ ನೂರು ವರ್ಷ ದಾಟಿದ ಇಂಥ ವಸ್ತು ಪ್ರಾಚ್ಯವಸ್ತುವಾಗುತ್ತದೆ. ಅದರ ವ್ಯಾಪಾರ ಮಾಡಲು ಪರವಾನಗಿ ಬೇಕು, ದೇಶದಾಚೆ ಸಾಗಿಸುವಂತಿಲ್ಲ. ನೆಲದಲ್ಲಿ ಸಿಕ್ಕ ನಿಧಿಗೆ ಬೇರೆಯದೇ ಕಾಯ್ದೆ ಇದೆ. ಎಲ್ಲಿಂದ ಬಂತೆಂದು ಹೇಳಲಾಗದ ಒಡವೆಯನ್ನು, ಅದೆಷ್ಟೇ ಚೆಲುವಾಗಿರಲಿ, ಮುಟ್ಟಬಾರದು. ಇದನ್ನು ಕಾನೂನಿನ ಹೆದರಿಕೆಯಿಂದ ಮಾತ್ರ ಹೇಳುತ್ತಿಲ್ಲ. ಬಂದ ದಾರಿ ತಿಳಿಯದ ಒಡವೆ ಅರ್ಧ ಮೂಕ. ಯಾರ ಮನೆಯದು, ಯಾವ ಮದುವೆಗೆ ಮಾಡಿಸಿದ್ದು, ಯಾರ ಕೈಯಲ್ಲಿ ಎಂಬುದು ಗೊತ್ತಿದ್ದರೆ ಒಂದು ಗುಂಡಿನ ಸರ ಒಂದು ಕುಟುಂಬದ ಚರಿತ್ರೆಯಾಗುತ್ತದೆ, ಇಲ್ಲದಿದ್ದರೆ ಬರಿಯ ಚೆಂದದ ಲೋಹ.

ಹಾಗಾದರೆ ಇಂಥ ಸಂಗ್ರಹವನ್ನು ಯಾರು ಮಾಡಬೇಕು? ಈ ಜಿಲ್ಲೆಗೆ ಒಂದು ಮೇಲ್ಪಂಕ್ತಿ ಇದ್ದೇ ಇದೆ. ಆಡಳಿತ ಸೇವೆಯಲ್ಲಿದ್ದ ಎಚ್.ಎಲ್. ನಾಗೇಗೌಡರು 1979ರಲ್ಲಿ ಕರ್ನಾಟಕ ಜಾನಪದ ಪರಿಷತ್ತನ್ನು ಕಟ್ಟಿ, ಆಮೇಲೆ ರಾಮನಗರದ ಹೆದ್ದಾರಿಯ ಬದಿಯಲ್ಲಿ ಜಾನಪದ ಲೋಕವನ್ನು ನಿಲ್ಲಿಸಿದರು. ಒನಕೆ, ಬೀಸುವ ಕಲ್ಲು, ನೇಗಿಲು, ಸೂತ್ರದ ಗೊಂಬೆ, ಗುಜರಿಗೆ ಹೋಗಬೇಕಿದ್ದದ್ದನ್ನೆಲ್ಲ ಊರೂರಿನಿಂದ ತಂದು ಸಾಲಾಗಿ ಇಟ್ಟರು. ಅವರು ಆರಂಭಿಸಿದಾಗ ಬೀಸುವ ಕಲ್ಲನ್ನು ಯಾರು ನೋಡಲು ಬರುತ್ತಾರೆ ಎಂದು ಕೇಳಿದವರು ಇದ್ದಿರಬಹುದು. ಇಂದು ಶಾಲೆಯ ಬಸ್ಸುಗಳು ಅಲ್ಲಿ ಸಾಲುಗಟ್ಟುತ್ತವೆ. ಅಂಥದೇ ಛಲದಿಂದ ಈ ಸೀಮೆಯ ಒಡವೆಯ ಮಾದರಿಗಳನ್ನು, ಪ್ರತಿ ಬಗೆಯದು ಒಂದೊಂದಾದರೂ, ಹಿಂಬದಿಯೂ ಕಾಣುವಂತೆ ಕನ್ನಡಿಯಿಟ್ಟು ಜೋಡಿಸುವ ಕೆಲಸ ಆಗಬೇಕು. ಅಡ್ಡಿಕೆ, ಗುಂಡು, ಬುಗುಡಿ, ಮುರುಗು ಒಂದು ಕಡೆ, ಚನ್ನಪಟ್ಟಣದ ಮರದ ಬಳೆ ಮಣಿಗಳು ಹತ್ತತ್ತು ವರ್ಷಕ್ಕೊಂದು ಸಾಲಿನಂತೆ ಇನ್ನೊಂದು ಕಡೆ. ಚಿನ್ನಕ್ಕೆ ಕಾವಲಿನ ಖರ್ಚು ಬರುತ್ತದೆ, ನಿಜ. ಮರಕ್ಕೆ ಅದೂ ಬೇಡ. ಮರದಿಂದಲೇ ಶುರುಮಾಡಬಹುದು.

ಒಡವೆ ಅಂಗಡಿಯವರಿಂದ ಕೇಳುವುದು ಹೆಚ್ಚಿನದೇನಲ್ಲ. ಕರಗಿಸಲು ಬಂದ ಕೈಕೆಲಸದ ಹಳೆಯ ಒಡವೆಯನ್ನು ಮೂಸೆಗೆ ಹಾಕುವ ಮುನ್ನ ಹಿಂದುಮುಂದು ಎರಡು ಫೋಟೋ ತೆಗೆದು, ತೂಕ ಬರೆದಿಡಿ. ಕೊಟ್ಟವರು ಒಪ್ಪಿದರೆ ಊರಿನ ಹೆಸರನ್ನೂ ಬರೆಯಿರಿ. ಇಡಿಯಾಗಿ ಕೊಳ್ಳುವವರು ಸಿಗಬಹುದೇನೋ ಎಂದು ಮಾರುವವರನ್ನು ಒಂದು ಮಾತು ಕೇಳಿ. ಮನೆಯಲ್ಲಿರುವವರು ಅದಕ್ಕೂ ಮೊದಲು ಮಾಡಬಹುದಾದದ್ದಿದೆ. ಪೆಟ್ಟಿಗೆಯಲ್ಲಿರುವ ಒಡವೆಯೊಂದಿಗೆ ಒಂದು ಚೀಟಿ ಇಡಿ. ಅಜ್ಜಿಗೆ ಇನ್ನೂ ನೆನಪಿದ್ದರೆ ಕೇಳಿ: ಯಾರ ಕಾಲದ್ದು, ಯಾವ ಊರಿನ ಆಚಾರ್ರು ಮಾಡಿದ್ದು, ಅವರ ಮನೆ ಯಾವ ಬೀದಿಯಲ್ಲಿತ್ತು, ಆಗ ಕೂಲಿಗೆ ರಾಗಿ ಕೊಟ್ಟರೋ ದುಡ್ಡು ಕೊಟ್ಟರೋ, ಗುಂಡಿನೊಳಗೆ ಅರಗಿದೆಯೋ ಗಟ್ಟಿಯೋ. ನಾಳೆ ಆ ಒಡವೆ ಗಿರವಿಗೆ ಹೋದರೂ, ಮೂಸೆಗೇ ಹೋದರೂ, ಚೀಟಿಯನ್ನು ಮನೆಯಲ್ಲೇ ಉಳಿಸಿಕೊಳ್ಳಿ.